ಮಣೆಯಿಂದ ಮೇಜಿಗೆ: ನಮ್ಮ ಊಟದ ಜಾಗದ ಹಳೇ ಸಾಮಾನಿನ ಚರಿತ್ರೆ

ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಹೆಚ್ಚಿನವಕ್ಕೆ ಡೈನಿಂಗ್ ಟೇಬಲ್ ಬಂದು ಎರಡು ತಲೆಮಾರು ಆಗಿರಬಹುದು, ಅಷ್ಟೆ. ಅನೇಕ ಮನೆಗಳಿಗೆ ಅದು ಹೊಸದಾಗಿಯೂ ಬರಲಿಲ್ಲ. ಯಾರದೋ ಬಂಗಲೆಯಲ್ಲಿ, ಯಾವುದೋ ಆಫೀಸಿನಲ್ಲಿ, ಇಲ್ಲವೇ ಹೋಟೆಲಿನಲ್ಲಿ ಹತ್ತಾರು ವರ್ಷ ಸವೆದು, ಕೈ ಬದಲಾಯಿಸಿ, ಒಂದು ಕಾಲು ಕುಂಟುತ್ತಾ ನಮ್ಮಲ್ಲಿಗೆ ಬಂತು. ಕಳೆದ ಬೇಸಿಗೆಯಲ್ಲಿ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಊಟದ ಜಾಗಕ್ಕೆ ಬಣ್ಣ ಬಳಿದು, ಜೋಗೇಶ್ವರಿಯಿಂದ ಹಳೆಯ ಮೇಜೊಂದನ್ನು ತಂದಾಗ, "ಸೆಕೆಂಡ್‌ಹ್ಯಾಂಡ್ ಯಾಕೆ, ಇಎಂಐ ಸಿಗುತ್ತದಲ್ಲ?" ಎಂದು ಕೇಳಿದವರೇ ಹೆಚ್ಚು. ಅವರಿಗೆ ಸರಿಯಾದ ಉತ್ತರ ಕೊಡಬೇಕೆಂದು ಓದುತ್ತಾ, ಹಿರಿಯರನ್ನು ಕೇಳುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳನ್ನೇ ನೋಡಿ. ಮೇಜು ಪರ್ಷಿಯನ್ನಿನಿಂದ ಬಂದದ್ದು, ಕುರ್ಚಿ ಅರಬ್ಬಿಯ ಕುರ್ಸಿ. ನಮ್ಮ ಕರಾವಳಿಯ ಜನೇಲು ಪೋರ್ಚುಗೀಸರದ್ದು. ಮಂಗಳೂರಿನ ಕೊಂಕಣಿ ಕ್ರೈಸ್ತರು ಕುರ್ಚಿಗೆ ಹೇಳುವ ಕದೆಲ್ ಕೂಡ ಅವರದ್ದೇ. ಊಟಕ್ಕೆ ಕೂರಲು ನಮಗೆ ಇದ್ದ ಸ್ವಂತ ಪದ ಒಂದೇ, ಮಣೆ. ನೆಲದಿಂದ ಎರಡು ಬೆರಳು ಎತ್ತರದ ಹಲಗೆ. ಮುಂದೆ ಬಾಳೆಲೆ. ಊಟವಾದ ಮೇಲೆ ಎಲೆ ತೆಗೆದು ಗೋಮೆ ಹಚ್ಚಿದರೆ ಅದೇ ಜಾಗ ಮತ್ತೆ ನಡುಮನೆ. ಎಂಜಲು ನೆಲದ ಮೇಲೆ ಉಳಿಯಬಾರದು, ಮತ್ತು ಅದನ್ನು ತೆಗೆಯುವವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ಮಡಿ, ಪಂಕ್ತಿ, ಎಂಜಲುಗಳ ಈ ಲೆಕ್ಕಾಚಾರದೊಳಗೆ ಮೇಜು ಸುಲಭವಾಗಿ ಬರುವಂತಿರಲಿಲ್ಲ. ಇನ್ನೊಬ್ಬರ ಮೇಜಿನ ಮುಂದೆ ಕುಳಿತದ್ದೇ ಎಷ್ಟು ದೊಡ್ಡ ರಾದ್ಧಾಂತವಾಗುತ್ತಿತ್ತು ಎನ್ನುವುದಕ್ಕೆ ಪುಣೆಯ ಪಂಚಹೌದ್ ಮಿಷನ್ನಿನ ಚಹಾ ಪ್ರಕರಣ ಸಾಕ್ಷಿ. 1890ರಲ್ಲಿ ಅಲ್ಲಿನ ಕಾರ್ಯಕ್ರಮವೊಂದರಲ್ಲಿ ಪಾದ್ರಿಗಳು ಅತಿಥಿಗಳಿಗೆ ಚಹಾ, ಬಿಸ್ಕತ್ತು ಕೊಟ್ಟರು. ನ್ಯಾಯಮೂರ್ತಿ ರಾನಡೆ, ತಿಲಕರಂಥವರು ಅಲ್ಲಿದ್ದರು. ಹಾಜರಿದ್ದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತು, ಶಂಕರಾಚಾರ್ಯರವರೆಗೂ ದೂರು ಹೋಯಿತು, ಬಹಿಷ್ಕಾರದ ಮಾತು ಬಂತು. ಕೊನೆಗೆ ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಂಡರು. ಅವರ ಪತ್ನಿ ರಮಾಬಾಯಿ 1910ರಲ್ಲಿ ಪ್ರಕಟಿಸಿದ ಮರಾಠಿ ಆತ್ಮಕಥನದಲ್ಲಿ ಆ ಕಾಲದ ಮನೆಯೊಳಗಿನ ಬಿಕ್ಕಟ್ಟುಗಳನ್ನೆಲ್ಲ ಓದಬಹುದು. ಒಂದು ಕಪ್ ಚಹಾಕ್ಕೇ ಹೀಗಾದರೆ ಅನ್ನ ಸಾರಿನ ಗತಿ ಏನು!

ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಮ್ಮವರಿಗೆ ಮಡಿಯ ತೊಂದರೆಗಿಂತ ಜಾಗದ ತೊಂದರೆಯೇ ದೊಡ್ಡದು. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳುಗಳಲ್ಲಿ ಒಂದು ಸಂಸಾರಕ್ಕೆ 160 ಚದರಡಿಯ ಒಂದೇ ಕೋಣೆ. ಅಡುಗೆ ಅಲ್ಲೇ, ಊಟ ಅಲ್ಲೇ, ರಾತ್ರಿ ಚಾಪೆ ಬಿಚ್ಚಿದರೆ ಮಲಗುವ ಮನೆಯೂ ಅದೇ. ನಮ್ಮತ್ತೆ 1964ರಲ್ಲಿ ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದದ್ದು ನಾಯಗಾಂವ್‌ನ ಅಂಥದೇ ಕೋಣೆಗೆ. ಮನೆಯಲ್ಲಿ ಎರಡೇ ಮಣೆಗಳಿದ್ದವಂತೆ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರಂತೆ. ಪಾಳಿಯ ಮೇಲೆ ಗಂಡಸರು ಕೂರುವುದು, ಆಮೇಲೆ ಮಕ್ಕಳು. ಎಲ್ಲರದೂ ಮುಗಿದ ಮೇಲೆ ಮೋರಿಯ ಪಕ್ಕ ಕುಳಿತು, ಅನ್ನದ ಪಾತ್ರೆಯೊಳಗೇ ಸಾರು ಸುರಿದುಕೊಂಡು ತಾವು ಉಣ್ಣುತ್ತಿದ್ದರು. ತಟ್ಟೆ ಇರಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. "ತಟ್ಟೆ ಬೇರೆ ಯಾಕೆ ಮಾರಾಯ್ತಿ, ತೊಳೆಯುವುದು ನಾನೇ ಅಲ್ಲವಾ?" ಎಂದರು. ಅದರಲ್ಲಿ ದೂರಿನ ದನಿಯೇ ಇರಲಿಲ್ಲ. ನನಗೆ ಇನ್ನೂ ಚುಚ್ಚುವುದು ಅದೇ.

ಇಷ್ಟಾಗಿಯೂ ಮೇಜುಗಳು ಈ ಊರಿನಲ್ಲಿ ಬೇಕಾದಷ್ಟಿದ್ದವು, ಬೇರೆಯವರ ಮನೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಬೀಟೆ ಮರದ ಕೆತ್ತನೆಯ ಮೇಜು ಕುರ್ಚಿಗಳು 'ಬಾಂಬೆ ಬ್ಲ್ಯಾಕ್‌ವುಡ್' ಎಂದೇ ಹೆಸರಾಗಿದ್ದವು. ಸಾಹೇಬರ ಬಂಗಲೆಗಳಲ್ಲಿ, ಸಿರಿವಂತ ಪಾರಸಿಗಳ ಮನೆಗಳಲ್ಲಿ ಅವು ಇದ್ದವು. ತೇಗದ ಕಥೆ ಇನ್ನೂ ದೊಡ್ಡದು. ಮಲಬಾರಿನ ಮತ್ತು ನಮ್ಮ ಕೆನರಾದ ಕಾಡುಗಳ ತೇಗ ಮುಂಬಯಿಯ ಹಡಗುಕಟ್ಟೆಗೆ ಬರುತ್ತಿತ್ತು. ಇಲ್ಲಿ 1817ರಲ್ಲಿ ಮಲಬಾರ್ ತೇಗದಲ್ಲಿ ಕಟ್ಟಿದ 'ಟ್ರಿಂಕೋಮಲಿ' ಎಂಬ ಹಡಗು ಇಂಗ್ಲೆಂಡಿನಲ್ಲಿ ಇವತ್ತಿಗೂ ತೇಲುತ್ತಿದೆ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಮರುವರ್ಷ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಹುಟ್ಟಿ ಬರ್ಮಾ ತೇಗದ ವ್ಯಾಪಾರ ಬೆಳೆಯಿತು. ಈ ಕಂಪೆನಿಗೂ ಬರ್ಮಾದ ಅರಸನಿಗೂ ನಡೆದ ದಿಮ್ಮಿಗಳ ಜಗಳವನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1885ರಲ್ಲಿ ಅಲ್ಲಿಗೆ ಸೈನ್ಯ ಕಳಿಸಿದರು. ಹಳೆಯ ಮೇಜಿನ ಅಂಗಡಿಯವನು "ಇದು ಬರ್ಮಾ ಟೀಕ್ ಮೇಡಂ" ಎಂದು ತಟ್ಟಿ ತೋರಿಸುವಾಗ ಆ ಮರದ ಹಿಂದೆ ಒಂದು ಯುದ್ಧವೇ ಇರುತ್ತದೆ. (ಅವನು ಹೇಳಿದ್ದೆಲ್ಲ ಬರ್ಮಾದ್ದಲ್ಲ ಎನ್ನುವುದು ಬೇರೆ ಮಾತು.)

ಕುರ್ಚಿಯ ಕಥೆ ನನಗೆ ಇನ್ನೂ ಇಷ್ಟ. ಇರಾನಿ ಹೋಟೆಲುಗಳಲ್ಲಿ ಬಾಗಿದ ಬೆನ್ನಿನ, ತೆಳ್ಳಗಿನ ಕಾಲಿನ ಕಪ್ಪು ಮರದ ಕುರ್ಚಿಗಳನ್ನು ನೀವೆಲ್ಲ ನೋಡಿರುತ್ತೀರಿ. ಮರೀನ್ ಲೈನ್ಸಿನ ಹತ್ತಿರದ ಕಯಾನಿ 1904ರದ್ದು, ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು. ಆ ಕುರ್ಚಿಯ ಮೂಲಪುರುಷ ಮೈಕೆಲ್ ಥೋನೆಟ್ ಎಂಬ ಜರ್ಮನ್ ಬಡಗಿ. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿನಲ್ಲಿ ಬಗ್ಗಿಸಿ ಒಣಗಿಸುವ ವಿದ್ಯೆ ಅವನದ್ದು. 1859ರಲ್ಲಿ ಅವನ ಕಂಪೆನಿ ತಂದ '14ನೇ ನಂಬರ್' ಕುರ್ಚಿಗೆ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್, ಅಷ್ಟೇ. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಹಡಗಿನ ಬಾಡಿಗೆ ಕಡಿಮೆಯಾಯಿತು, ಕುರ್ಚಿ ಅಗ್ಗವಾಯಿತು. 1869ರಲ್ಲಿ ಪೇಟೆಂಟ್ ಮುಗಿದ ಮೇಲೆ ಯುರೋಪಿನ ಬೇರೆ ಕಾರ್ಖಾನೆಗಳೂ ಇದೇ ಮಾದರಿಯನ್ನು ಮಾಡತೊಡಗಿದವು. ಸಾಮಾನ್ಯ ಜನರ ಹೋಟೆಲಿಗೆಂದೇ ಹುಟ್ಟಿದ ಕುರ್ಚಿ ಇದು. ಈಗ ಅದನ್ನು ಆ್ಯಂಟಿಕ್ ಎಂದು ಗಾಜಿನ ಶೋರೂಮಿನಲ್ಲಿ ಇಟ್ಟಿರುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಇವೆಲ್ಲ ನಮ್ಮ ಮನೆಗಳಿಗೆ ಇಳಿದದ್ದು ಹೇಗೆ? ಸ್ವಾತಂತ್ರ್ಯದ ಹೊತ್ತಿಗೆ ಊರಿಗೆ ಹೊರಟ ಬಿಳಿಯರ ಸಾಮಾನು ಹರಾಜಾಯಿತು. ಮುಂದಿನ ದಶಕಗಳಲ್ಲಿ ಹಳೆಯ ಬಂಗಲೆಗಳು ಬಿದ್ದು ಕಟ್ಟಡಗಳೆದ್ದವು, ಇರಾನಿ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಭೇಂಡಿ ಬಜಾರಿನ ಹತ್ತಿರದ ಚೋರ್ ಬಜಾರು, ಜೋಗೇಶ್ವರಿಯ ಎಸ್.ವಿ. ರೋಡಿನ ಓಶಿವರಾ ಫರ್ನಿಚರ್ ಅಂಗಡಿಗಳು ಇಂಥ ಸಾಮಾನಿನಿಂದಲೇ ತುಂಬಿದವು. 1983ರಲ್ಲಿ ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆಯುವ ಕೆಲಸ ಶುರುವಾದ ಮೇಲೆ ಹಡಗಿನ ಮೇಜು, ಕುರ್ಚಿಗಳೂ ಮಾರುಕಟ್ಟೆಗೆ ಬಂದವು. ನಮ್ಮ ಮಾವನವರು 1978ರಲ್ಲಿ ಮನೆಗೆ ತಂದದ್ದು, ಅವರು ಕ್ಯಾಷಿಯರ್ ಆಗಿದ್ದ ಉಡುಪಿ ಹೋಟೆಲು ಮುಚ್ಚಿದಾಗ ಸಿಕ್ಕ ಅಮೃತಶಿಲೆಯ ಮೇಜು. ಕಲ್ಲಿನ ಮೇಲೆ ಎಂಜಲು ನಿಲ್ಲುವುದಿಲ್ಲ, ಒರೆಸಿದರೆ ಹೋಯಿತು ಎಂದು ಮನೆಯ ಅಜ್ಜಿಯನ್ನು ಒಪ್ಪಿಸಿದರಂತೆ.

ಗೋಡೆಯ ಮಾತಿಗೆ ಬರೋಣ. ಊರಿನಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣ ಕಾರಣೆ. ಕರಾವಳಿಯಲ್ಲಿ ಚಿಪ್ಪು ಸುಟ್ಟ ಸುಣ್ಣ, ಅದಕ್ಕೆ ಚಿಟಿಕೆ ನೀಲಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಕ್ರಮೇಣ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಗ್ಗ, ಅಚ್ಚುಕಟ್ಟು, ಮನೆಯವರೇ ಬಳಿಯಬಹುದು. ಮುಂಬಯಿಯ ಚಾಳಿನಲ್ಲಿ ಇದರ ಜಾಗಕ್ಕೆ ಬಂದದ್ದು ಸೀಮೆಸುಣ್ಣದ ಪುಡಿ ಮತ್ತು ಅಂಟು ಸೇರಿದ ಡಿಸ್ಟೆಂಪರ್. ಒರಗಿದರೆ ಬೆನ್ನಿಗೆ ಬಣ್ಣ, ಆದ್ದರಿಂದ ಊಟಕ್ಕೆ ಗೋಡೆಗೊರಗಿ ಕೂರಬಾರದೆಂದು ಮಕ್ಕಳಿಗೆ ಗದರಿಕೆ. ತೊಳೆಯಬಹುದಾದ ಡಿಸ್ಟೆಂಪರ್ ಬಂದದ್ದು ಆಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಣ್ಣದ ಆಮದು ನಿಂತಾಗ, 1942ರಲ್ಲಿ ನಾಲ್ವರು ಗೆಳೆಯರು ಮುಂಬಯಿಯ ಗಿರಗಾಂವಿನ ಒಂದು ಗ್ಯಾರೇಜಿನಲ್ಲಿ ಏಷ್ಯನ್ ಪೇಂಟ್ಸ್ ಶುರುಮಾಡಿದರು. ದೊಡ್ಡ ಡಬ್ಬಿ ಕೊಳ್ಳಲಾಗದವರಿಗೆ ಸಣ್ಣ ಡಬ್ಬಿಗಳಲ್ಲಿ ಬಣ್ಣ ಮಾರಿದ್ದು ಅವರ ಜಾಣತನ. 1954ರಲ್ಲಿ ಆ ಕಂಪೆನಿಗೆ ಕೈಯಲ್ಲಿ ಬ್ರಶ್ಶು ಮತ್ತು ಡಬ್ಬಿ ಹಿಡಿದ ಕೆದರುಗೂದಲಿನ ತುಂಟ ಹುಡುಗ 'ಗಟ್ಟು'ವನ್ನು ಬರೆದುಕೊಟ್ಟವರು ಆರ್.ಕೆ. ಲಕ್ಷ್ಮಣ್, 1921ರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ಚಾಳಿನ ಗೋಡೆಗೆ ಬಣ್ಣ ಹಚ್ಚುವ ಆಸೆ ಹುಟ್ಟಿಸಿದ್ದರಲ್ಲಿ ಆ ಹುಡುಗನ ಪಾಲೂ ಇದೆ.

ಮೇಜು ಬಂತು, ಗೋಡೆ ಬೆಳಗಿತು. ಹೆಂಗಸರು ಕುಳಿತರೇ? ಮೇಜಿನಿಂದಾಗಿ ಮನೆಯವರೆಲ್ಲ ಒಟ್ಟಿಗೆ ಉಣ್ಣುವಂತಾಯಿತು ಎಂದು ಸುಲಭವಾಗಿ ಬರೆದುಬಿಡುತ್ತೇವೆ. ನಾನು ಕೇಳಿದ ಹಿರಿಯ ಸದಸ್ಯೆಯರಲ್ಲಿ ಒಬ್ಬರೂ ಹಾಗೆ ಹೇಳಲಿಲ್ಲ. ನಾಲ್ಕು ಕುರ್ಚಿ, ಆರು ಜನ. ಅತ್ತೆ ಅಮೃತಶಿಲೆಯ ಮೇಜಿನ ಪಕ್ಕ ವರ್ಷಗಟ್ಟಲೆ ಸೌಟು ಹಿಡಿದು ನಿಂತೇ ಇದ್ದರು. ನೆಲದಲ್ಲಾದರೆ ಬಗ್ಗಿ ಬಡಿಸಬೇಕಿತ್ತು, ಈಗ ಸೊಂಟಕ್ಕೆ ಸ್ವಲ್ಪ ಆರಾಮ, ಅಷ್ಟೇ ವ್ಯತ್ಯಾಸ. ಅವರ ಮನೆಯಲ್ಲಿ ಅದು ಬದಲಾದದ್ದು ನನ್ನ ನಾದಿನಿ ಬ್ಯಾಂಕಿನ ಕೆಲಸಕ್ಕೆ ಸೇರಿದಾಗ. 8.12ರ ಲೋಕಲ್ ಹಿಡಿಯಬೇಕಾದವಳು ಎಲ್ಲರದೂ ಮುಗಿಯಲಿ ಎಂದು ಕಾಯಲಾರಳು. ಅವಳು ಅನ್ನ, ಹುಳಿ, ಪಲ್ಯದ ಪಾತ್ರೆಗಳನ್ನೇ ತಂದು ಮೇಜಿನ ನಡುವೆ ಇಟ್ಟು, "ಬೇಕಾದವರು ಹಾಕಿಕೊಳ್ಳಿ" ಎಂದು ತಾನೂ ಕುಳಿತುಬಿಟ್ಟಳು. ಮಾವನವರು ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ತಾವೇ ಸೌಟಿಗೆ ಕೈ ಹಾಕಿದರಂತೆ. ಬಿಸಿ ಚಪಾತಿ, ಬಿಸಿ ದೋಸೆ ಬೇಕೆನ್ನುವ ಮನೆಗಳಲ್ಲಿ ಇವತ್ತೂ ಒಬ್ಬಳು ಒಲೆಯ ಮುಂದೆ ನಿಂತೇ ಇರುತ್ತಾಳೆ, ಮೇಜು ಎಷ್ಟೇ ದೊಡ್ಡದಿರಲಿ.

ಅದಕ್ಕೇ ನಾನು ಈ ಸಲ ಮೇಜು ಹುಡುಕುವಾಗ ಅಂದಕ್ಕಿಂತ ಮೊದಲು ಅಗಲ ನೋಡಿದೆ. ತಟ್ಟೆಗಳ ನಡುವೆ ಪಾತ್ರೆ ಇಡಲು ಜಾಗ ಬೇಕು, ಮನೆಯಲ್ಲಿ ಎಷ್ಟು ಜನರೋ ಅಷ್ಟು ಕುರ್ಚಿ ಬೇಕು. ಅಂಗಡಿಯಲ್ಲಿ ಮೇಜನ್ನು ಕೆಳಗಿನಿಂದ ನೋಡಬೇಕು. ಮೇಲೆ ಪಾಲಿಶ್ ಮೋಸ ಮಾಡಬಹುದು, ಅಡಿಭಾಗಕ್ಕೆ ಯಾರೂ ಪಾಲಿಶ್ ಹಾಕುವುದಿಲ್ಲ. ಮೊಳೆಯಿಲ್ಲದೆ ಒಂದರೊಳಗೊಂದು ಕೂರಿಸಿದ ಜೋಡಣೆ ಇದೆಯೇ, ಸಣ್ಣ ತೂತುಗಳಿಂದ ಹುಡಿ ಉದುರುತ್ತಿದೆಯೇ ನೋಡಿ. ಬೆತ್ತದ ಕುರ್ಚಿಯಾದರೆ ತಿಗಣೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಲು ನಾಚಿಕೆಪಡಬೇಡಿ. ಇದು ಮುಂಬಯಿ.

ಇನ್ನೊಂದು ವಿಷಯ ಮಕ್ಕಳಿರುವ ಮನೆಯವರಿಗೆ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಅದು ಮಕ್ಕಳ ಮೆದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಬಳಿದ ಕುರ್ಚಿಯನ್ನು ಮನೆಯೊಳಗೆ ಒಣ ಮರಳುಕಾಗದದಿಂದ ಉಜ್ಜಬೇಡಿ. ಬಣ್ಣ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲಿಂದ ಪ್ರೈಮರ್ ಮತ್ತು ಹೊಸ ಬಣ್ಣ ಕೊಡಿ. ಪದರು ಪದರಾಗಿ ಏಳುತ್ತಿದ್ದರೆ ಆ ಕುರ್ಚಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬರೀ ಪಾಲಿಶ್ ಇರುವ ಮರ ಸಿಕ್ಕಿದರೆ ಈ ತಲೆನೋವೇ ಇಲ್ಲ, ನಾನು ಆರಿಸಿದ್ದು ಅಂಥದ್ದನ್ನೇ.

ಮೇಜು, ಹೊಂದಿಕೆಯಾಗದ ಐದು ಕುರ್ಚಿ, ನಾಲ್ಕು ಲೀಟರ್ ಬಣ್ಣ, ಟೆಂಪೋ ಬಾಡಿಗೆ ಎಲ್ಲ ಸೇರಿ ₹18,000 ದಾಟಲಿಲ್ಲ. ಗೋಡೆಯನ್ನು ನಾನೂ ಮಗಳೂ ಎರಡು ಭಾನುವಾರ ಬಳಿದೆವು. ಮೇಲೆ ಸುಣ್ಣದ ಬಿಳಿ, ಕೆಳಗೆ ಒಂದೂವರೆ ಅಡಿ ಕೆಮ್ಮಣ್ಣಿನ ಬಣ್ಣ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಅದಕ್ಕೆ ಏನೋ ಇಟಲಿಯ ಹೆಸರಿತ್ತು. ಎಂಬತ್ತು ದಾಟಿದ ಅತ್ತೆ ನೋಡಿ, "ಇದು ನಮ್ಮೂರ ಕಾರಣೆಯೇ ಅಲ್ಲವಾ? ಇದಕ್ಕೆ ದುಡ್ಡು ಕೊಟ್ಟಿದ್ದಾ?" ಎಂದು ಕೇಳಿದರು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಂಡು, ಇದು ನನ್ನದು ಎಂದು ಮೊಮ್ಮಗಳಿಗೆ ಹೇಳಿ ಕುಳಿತರು.