ಹಿಮವಿಲ್ಲದ ಕರಾವಳಿಯಲ್ಲಿ ಮಳೆಯ ಕಾವ್ಯ

ಚೀನಾದ ತಾಂಗ್ ರಾಜವಂಶದ (618–907) ಕಾಲದಲ್ಲಿ ಪ್ರೌಢಿಗೇರಿದ ಶಾನ್‌ಶುಯಿ ಕಾವ್ಯ, ಅಂದರೆ ಬೆಟ್ಟ ಮತ್ತು ನೀರಿನ ವರ್ಣನೆಯ ಮೂಲಕ ಮನಸ್ಸನ್ನು ತೋರುವ ಪ್ರಕೃತಿಕಾವ್ಯ, ಹಿಮವನ್ನು ಏಕಾಂತದ ಪ್ರತಿಮೆಯಾಗಿ ಬೆಳೆಸಿತು. 805ರಲ್ಲಿ ರಾಜಕೀಯವಾಗಿ ಸೋತು ಯೋಂಗ್‌ಚೌಗೆ ಗಡೀಪಾರಾದ ಕವಿ ಲಿಯು ಜೋಂಗ್‌ಯುವಾನ್, ಹಿಮದ ನದಿಯಲ್ಲಿ ಗಾಳ ಹಾಕಿ ಕುಳಿತ ಒಂಟಿ ಮುದುಕನನ್ನು ಇಪ್ಪತ್ತೇ ಅಕ್ಷರಗಳಲ್ಲಿ ಚಿತ್ರಿಸಿದನು.

ಹಿಮವನ್ನೇ ಕಾಣದ ಕರ್ನಾಟಕ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಆ ಸ್ಥಾನ ಮಳೆಗೆ ಸಲ್ಲುತ್ತದೆಯಾದರೂ ಅದರ ಸ್ವಭಾವ ತೀರ ಬೇರೆ: ಹಿಮ ನೆಲವನ್ನು ಮುಚ್ಚಿ ನಿಶ್ಶಬ್ದಗೊಳಿಸಿದರೆ, ಜೂನ್‌ನಲ್ಲಿ ಇಳಿಯುವ ಮುಂಗಾರು ದೋಣಿಗಳನ್ನು ದಡಕ್ಕೇರಿಸಿ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲಿಸಿ, ಜನರನ್ನು ಉಳುಮೆಗೂ ನಾಟಿಗೂ ಗದ್ದೆಗಿಳಿಸುತ್ತದೆ. ಬೈಂದೂರು ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಕವಿ ಗೋಪಾಲಕೃಷ್ಣ ಅಡಿಗರು ಈ ಅನುಭವಕ್ಕೆ ಕನ್ನಡದಲ್ಲಿ ಅಪೂರ್ವವಾದ ಆಳವನ್ನು ಕೊಟ್ಟರು. ‘ಭೂಮಿಗೀತ’ (1959) ಸಂಕಲನದ ‘ಭೂತ’ ಕವಿತೆಯಲ್ಲಿ, ಬಾವಿಯೊಳಗೆ ಕೊಳೆಯುವ ನೀರು ಆವಿಯಾಗಿ, ಮೋಡವಾಗಿ, ಮತ್ತೆ ಮಳೆಯಾಗಿ ಭತ್ತದ ಗದ್ದೆಗಿಳಿಯುವ ಕ್ರಮವೇ ಪೂರ್ವಜರ ಗತಕಾಲವನ್ನು ವರ್ತಮಾನದ ಬೆಳೆಯಾಗಿಸುವ ಬಗೆಗೆ ರೂಪಕವಾಗುತ್ತದೆ. ಲಿಯುವಿನ ಹಿಮ ಮನುಷ್ಯನನ್ನು ಲೋಕದಿಂದ ಬೇರ್ಪಡಿಸುತ್ತದೆ, ಅಡಿಗರ ಮಳೆ ಅವನನ್ನು ಸತ್ತವರೊಂದಿಗೂ ಬೆಸೆಯುತ್ತದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಇದೇ ಕಡಲು, ಮಳೆ, ಮಣ್ಣುಗಳನ್ನು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಮೂರು ತಲೆಮಾರುಗಳ ಬದುಕಿನೊಡನೆ ಹೆಣೆದರು.