ಹಾಲು ಇಳಿಯುವುದು, ಹಾಲು ಆಗುವುದು: ಒಂದು ಚಾರಿತ್ರಿಕ ವಿವೇಚನೆ

ಕರುವನ್ನು ಕೆಚ್ಚಲಿಗೆ ಬಿಟ್ಟೊಡನೆ ಹಸು ಸೊರೆ ಬಿಡುತ್ತದೆಂಬುದು ನಮ್ಮ ದನಗಾಹಿಗಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ರೂಢಿಯೂ ಇದೇ ಅರಿವಿನಿಂದ ಬಂದದ್ದು. ಇದನ್ನು ಆಧುನಿಕ ಹಾರ್ಮೋನು ವಿಜ್ಞಾನದ ಪೂರ್ವರೂಪವೆಂದು ಕೊಂಡಾಡುವುದುಂಟು. ಆ ಮಾತು ಅರ್ಧ ಮಾತ್ರ ಸರಿ. ಜನಪದರು ಕಂಡದ್ದು ಸಿದ್ಧವಾಗಿರುವ ಹಾಲು ಇಳಿಯುವುದನ್ನು; ಹಾಲು ಆಗುವ ಬಗೆಗೆ ಬೇರೆಯದೇ ಚರಿತ್ರೆಯಿದೆ.

1910ರಲ್ಲಿ ಆಟ್ ಮತ್ತು ಸ್ಕಾಟ್ ಎಂಬ ವಿಜ್ಞಾನಿಗಳು ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರವನ್ನು ಮೇಕೆಗೆ ಚುಚ್ಚಿದಾಗ ಹಾಲು ಹರಿಯಿತು. ಸೊರೆ ಬಿಡುವಿಕೆಯ ಕಾರಣ ಇದೇ. ಅದರಲ್ಲಿನ ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತದೆಯೇ ಹೊರತು ತಯಾರಿಸುವುದಿಲ್ಲ. 1928ರಲ್ಲಿ ಸ್ಟ್ರಿಕರ್ ಮತ್ತು ಗ್ರೂಟರ್ ಅವರು ಸ್ಟ್ರಾಸ್‌ಬರ್ಗಿನಲ್ಲಿ ಅದೇ ಗ್ರಂಥಿಯ ಮುಂಭಾಗದ ಸಾರವನ್ನು ಹುಸಿಬಸಿರಿನ ಮೊಲಗಳಿಗೆ ಕೊಟ್ಟು ಹಾಲು ಉತ್ಪತ್ತಿಯಾಗುವಂತೆ ಮಾಡಿದರು. ಮುಂದೆ 1930ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಆ ಅಂಶಕ್ಕೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಹಾಲಿನ ಹೆಸರು ಹೊತ್ತ ಈ ಹಾರ್ಮೋನನ್ನು ಅವರು ಅಳೆದದ್ದು ಕೆಚ್ಚಲಿನಲ್ಲಲ್ಲ, ಮೊಲೆಯೇ ಇಲ್ಲದ ಪಾರಿವಾಳದ ಗಂಟಲಚೀಲದಲ್ಲಿ! ಮರಿಗೆ ಗುಟುಕಾಗಿ ಉಣಿಸುವ ಆ 'ಹಾಲ'ನ್ನು ಗಂಡು ಪಾರಿವಾಳವೂ ಉತ್ಪಾದಿಸುತ್ತದೆ.

ಹಾರ್ಮೋನು ಒಂದೇ ಸಾಲದೆಂಬುದು ನಂತರ ತಿಳಿಯಿತು. ಇಲಿಯ ಸ್ತನದ ತುಣುಕುಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಟಾಪರ್ ಮೊದಲಾದವರು, ಕೇಸೀನ್ ಎಂಬ ಹಾಲಿನ ಪ್ರೋಟೀನು ತಯಾರಾಗಲು ಇನ್ಸುಲಿನ್, ಕಾರ್ಟಿಸೋಲ್ ಬಗೆಯ ಹಾರ್ಮೋನು ಮತ್ತು ಪ್ರೊಲ್ಯಾಕ್ಟಿನ್ ಮೂರೂ ಕೂಡಬೇಕೆಂದು 1960ರ ದಶಕದಲ್ಲಿ ತೋರಿಸಿದರು. 1979ರಲ್ಲಿ ಪ್ರಕಟವಾದ ಜೆಫ್ರಿ ರೋಸೆನ್ ತಂಡದ ಶೋಧನೆ ಇನ್ನೂ ಸೂಕ್ಷ್ಮವಾದುದು. ಪ್ರೊಲ್ಯಾಕ್ಟಿನ್ ಕೇಸೀನ್ ಜೀನಿನ ನಕಲು ಕಾರ್ಯವನ್ನು ಎರಡರಿಂದ ನಾಲ್ಕು ಪಟ್ಟು ಮಾತ್ರ ಹೆಚ್ಚಿಸಿತು. ನಕಲಾದ ಸಂದೇಶ ಆರ್‌ಎನ್‌ಎಯ ಬಾಳಿಕೆಯನ್ನೋ ಹದಿನೇಳರಿಂದ ಇಪ್ಪತ್ತೈದು ಪಟ್ಟು. ಹಾಗಾಗಿ ಹಾರ್ಮೋನು ಜೀನಿಗೆ ಅಪ್ಪಣೆ ಕೊಡುತ್ತದೆಂಬ ಸರಳ ಚಿತ್ರ ನಿಲ್ಲುವುದಿಲ್ಲ. ಕೊಟ್ಟ ಅಪ್ಪಣೆ ಅಳಿಯದಂತೆ ಕಾಯುವುದೇ ಇಲ್ಲಿ ದೊಡ್ಡ ಕೆಲಸ.

ಪ್ರೊಲ್ಯಾಕ್ಟಿನ್ನಿನ ಸೂಚನೆಯನ್ನು ಜೀವಕೋಶದ ಒಳಗೆ ಜೀನಿನವರೆಗೆ ಒಯ್ಯುವ ಸ್ಟ್ಯಾಟ್ 5 ಎಂಬ ಪ್ರೋಟೀನನ್ನು 1994ರಲ್ಲಿ ಗ್ರೋನರ್ ತಂಡ ಕುರಿಯ ಸ್ತನ ಅಂಗಾಂಶದಿಂದ ಗುರುತಿಸಿತು. ಆದರೆ ಇಲಿ, ಮೊಲಗಳಲ್ಲಿ ಕಂಡದ್ದನ್ನೆಲ್ಲ ಹಸುವಿಗೆ ಹೊಂದಿಸಲಾಗದು. ಹಾಲು ಕೊಡುತ್ತಿರುವ ಹಸುವಿನಲ್ಲಿ ಪ್ರೊಲ್ಯಾಕ್ಟಿನ್ ತಗ್ಗಿದರೂ ಹಾಲು ಒಮ್ಮೆಗೇ ನಿಲ್ಲುವುದಿಲ್ಲ. ಬೆಳವಣಿಗೆಯ ಹಾರ್ಮೋನು ಹಾಗೂ ಹಾಲನ್ನು ತಪ್ಪದೆ ಕರೆಯುವುದು ಅಲ್ಲಿ ಹೆಚ್ಚು ಮುಖ್ಯ. ಕರೆಯದೆ ಬಿಟ್ಟರೆ ಹಸು ಬತ್ತುತ್ತದೆಂಬ ಹಳ್ಳಿಯ ಮಾತಿಗೆ ಹಾಲು ಆಗುವ ಚರಿತ್ರೆಯಲ್ಲಿಯೂ ಸ್ಥಾನವಿದೆ. ಸೊರೆ ಬಿಡುವ ಮಾತಿಗೆ ಆ ಸ್ಥಾನವಿಲ್ಲ. 1997ರಲ್ಲಿ ಸ್ಟ್ಯಾಟ್ 5ಎ ಜೀನನ್ನು ತೆಗೆದ ಇಲಿಗಳು ಮರಿ ಹಾಕಿದವು. ಆದರೆ ಮೊಲೆಯ ಗ್ರಂಥಿ ಪೂರ್ಣ ಬೆಳೆಯದೆ ಅವುಗಳಿಗೆ ಹಾಲೂಡಿಸಲು ಆಗಲಿಲ್ಲ.