ಒಬ್ಬ ಮಗನ ಪ್ರಶ್ನೆ, ಒಂದು ಕಾನೂನು

1980ರ ದಶಕದ ಮಿನ್ನೆಸೋಟ. ಮಾನವ ಹಕ್ಕುಗಳಿಗಾಗಿ ನೀವೇನು ಮಾಡ್ತಿದ್ದೀರಿ ಅಂತ ಗವರ್ನರ್ ರೂಡಿ ಪರ್ಪಿಚ್ ಅವರನ್ನು ಮಗನೇ ಕೇಳಿದ. ಅದರ ಫಲವಾಗಿ, ಚಿತ್ರಹಿಂಸೆಗೆ ಒಳಗಾದವರ ಆರೈಕೆಗೆಂದೇ 1985ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಒಂದು ಕೇಂದ್ರ ಶುರುವಾಯ್ತು. ಕೋಪನ್‌ಹೇಗನ್‌ನಲ್ಲಿ ವೈದ್ಯೆ ಇಂಗೆ ಗೆನೆಫ್ಕೆ 1982ರಲ್ಲೇ ಇಂಥದ್ದೊಂದನ್ನು ಕಟ್ಟಿದ್ದರು.

ಇಲ್ಲಿಗೆ ಬರುವವರಲ್ಲಿ ಎಷ್ಟೋ ಜನ ತಮ್ಮದೇ ದೇಶದ ಪೊಲೀಸರಿಂದಲೋ ಸೈನಿಕರಿಂದಲೋ ನರಳಿದವರು. ಸಮವಸ್ತ್ರ ಕಂಡರೆ ನಡುಗುವವರು. ಅವರಿಗೆ ಡಾಕ್ಟರ್, ಆಪ್ತಸಲಹೆಗಾರ, ದುಭಾಷಿ, ವಕೀಲ ಎಲ್ಲರೂ ಬೇಕು, ಅದೂ ತಿಂಗಳುಗಟ್ಟಲೆ. ಖರ್ಚು ಯಾರದು?

1998ರಲ್ಲಿ ಅಮೆರಿಕದ ಕಾಂಗ್ರೆಸ್ 'ಟಾರ್ಚರ್ ವಿಕ್ಟಿಮ್ಸ್ ರಿಲೀಫ್ ಆ್ಯಕ್ಟ್' ಪಾಸು ಮಾಡಿತು. ಅಕ್ಟೋಬರ್ 30ರಂದು ಕ್ಲಿಂಟನ್ ಸಹಿ ಹಾಕಿದರು. ದೇಶದೊಳಗಿನ ಕೇಂದ್ರಗಳಿಗೆ 1999ಕ್ಕೆ 50 ಲಕ್ಷ ಡಾಲರ್, 2000ಕ್ಕೆ 75 ಲಕ್ಷ ಡಾಲರ್ ಕೊಡಲು ಅನುಮತಿ. ಗಮನಿಸಿ, ಬರೀ ಅನುಮತಿ. ನಿಜವಾದ ಹಣಕ್ಕೆ ವರ್ಷವರ್ಷವೂ ಬೇರೆ ಮಸೂದೆ ಪಾಸಾಗಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಗಾಯ ಮಾತ್ರ ಹಣಕಾಸು ವರ್ಷದ ಲೆಕ್ಕ ನೋಡಿ ಮಾಯುವುದಿಲ್ಲ. ಎಷ್ಟೋ ತಿಂಗಳ ಮೌನದ ನಂತರ ಬಾಯಿ ಬಿಟ್ಟವನ ಮಾತು ಕೇಳೋಕೆ ಮುಂದಿನ ವಾರವೂ ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಇರಬೇಕು. ಸರ್ಕಾರದ ಅನುದಾನ ನಿಂತರೆ ಖಾಲಿಯಾಗುವುದು ಆ ಕುರ್ಚಿ.